ನೆರೆ ಬರುವ ಮೊದಲು ನೆರೆಕರೆ: ಒಂದು ಬೈಲಿನ ಮಳೆಗಾಲದ ಸಿದ್ಧತೆ

ಪತ್ತನಾಜೆಗೆ ಭೂತಕೋಲ ನಿಲ್ಲುತ್ತದೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮೇ 24ರ ಆಸುಪಾಸಿನ ಆ ದಿನವೇ ಕಾಸರಗೋಡಿನ ಬೈಲುಗಳಲ್ಲಿ ಮಳೆಗಾಲದ ಸಿದ್ಧತೆಗೂ ಗಡು. ಅಲ್ಲಿಂದ ಮುಂದೆ ಬರೆಗೆ, ಅಂದರೆ ಗುಡ್ಡೆ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಗೆ, ಪಿಕ್ಕಾಸು ಹಾಕಬಾರದು, ತೋಡಿನ (ಹಳ್ಳದ) ದಂಡೆ ಕೆದಕಬಾರದು. ಹಸಿ ಮಣ್ಣನ್ನು ಮುಟ್ಟಿದರೆ ಅದು ಮೊದಲ ದೊಡ್ಡ ಮಳೆಗೇ ಜಾರಿ ಕೆಳಗೆ ಬರುತ್ತದೆ. ಹಾಗಾಗಿ ಇಲ್ಲಿ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಮಾರ್ಚ್‌ನಲ್ಲಿ ಶುರುವಾಗಿ ಮೇ ಮೂರನೆಯ ವಾರದೊಳಗೆ ಮುಗಿಯಬೇಕಾದವು.

ಒಬ್ಬೊಬ್ಬರೇ ಮಾಡಿಕೊಳ್ಳುವ ಸಿದ್ಧತೆ ನಮ್ಮ ನೆಲದಲ್ಲಿ ಸಾಲದು. ಮಂಜೇಶ್ವರದಿಂದ ದೇಲಂಪಾಡಿಯವರೆಗೂ ಊರಿನ ರಚನೆ ಹೆಚ್ಚುಕಡಿಮೆ ಒಂದೇ: ಮೇಲೆ ಗುಡ್ಡೆ, ಇಳಿಜಾರಿನಲ್ಲಿ ಮನೆಗಳು, ಕೆಳಗೆ ಅಡಿಕೆ ತೋಟ, ನಡುವೆ ತೋಡು. ಒಂದು ಎಕರೆ ಜಾಗದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ಮೇಲಿನ ಮನೆಯವರು ಅದನ್ನು ಯಾವ ಕಡೆಗೆ ತಿರುಗಿಸಿದರು ಎಂಬುದರ ಮೇಲೆ ಕೆಳಗಿನ ಮನೆಯ ಹಿಂದಿನ ಬರೆ ನಿಲ್ಲುವುದೂ ಬೀಳುವುದೂ ನಿಂತಿದೆ. ಆದ್ದರಿಂದ ಸಿದ್ಧತೆಯ ಅಳತೆಗೋಲು ಮನೆಯೂ ಅಲ್ಲ, ಇಡೀ ಪಂಚಾಯತೂ ಅಲ್ಲ. ಒಂದೇ ತೋಡಿಗೆ ನೀರು ಬಿಡುವ ಮೂವತ್ತು-ಐವತ್ತು ಮನೆಗಳ ಒಂದು ಬೈಲು.

ಕೂಟ

ಹೊಸ ಸಂಘ ಕಟ್ಟಬೇಕಿಲ್ಲ. ಕೇರಳದ ಹೆಂಗಸರ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ನೆರೆಕರೆ (ನೆರೆಹೊರೆ) ಕೂಟಗಳು ಎಲ್ಲ ಕಡೆ ಇವೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬುದು ಆ ಅಕ್ಕಂದಿರಿಗೆ ಗೊತ್ತು. ಅವರ ಜತೆ ತೋಟದ ಕೆಲಸ ಬಲ್ಲ ನಾಲ್ಕಾರು ಗಂಡಸರು, ಬೈಕು ಇರುವ ಇಬ್ಬರು ಹುಡುಗರು, ಆಶಾ ಕಾರ್ಯಕರ್ತೆ, ವಾರ್ಡ್ ಸದಸ್ಯರು ಸೇರಿದರೆ ಸಾಕು. 2018ರ ನೆರೆಯ ನಂತರ ಕೇರಳದ ಸ್ಥಳೀಯ ಸಂಸ್ಥೆಗಳು ವಿಪತ್ತು ನಿರ್ವಹಣಾ ಯೋಜನೆ ಸಿದ್ಧಪಡಿಸಿವೆ. ನಿಮ್ಮ ಪಂಚಾಯತಿನದ್ದನ್ನು ಕೇಳಿ, ನಿಮ್ಮ ವಾರ್ಡಿನ ಪುಟಗಳ ಪ್ರತಿ ತೆಗೆದುಕೊಳ್ಳಿ. ಎಚ್ಚರಿಕೆ ಮುಟ್ಟಿಸುವವರು, ರಕ್ಷಣೆ ಮತ್ತು ಸ್ಥಳಾಂತರ ಮಾಡುವವರು, ಪ್ರಥಮ ಚಿಕಿತ್ಸೆಯವರು, ಶಿಬಿರ ನೋಡಿಕೊಳ್ಳುವವರು ಎಂದು ನಾಲ್ಕು ತಂಡಗಳ ಪಟ್ಟಿ ಅದರಲ್ಲಿರಬೇಕು. ಪಟ್ಟಿಯಲ್ಲಿರುವವರಲ್ಲಿ ಈಗ ಊರಲ್ಲಿರುವವರು ಎಷ್ಟು ಮಂದಿ ಎಂದು ನೋಡಿ. ಗಲ್ಫಿಗೆ ಹೋದವರ ಹೆಸರು ತೆಗೆದು ಊರಲ್ಲಿರುವವರ ಹೆಸರು ಬರೆಸಿ. ಇದು ಒಂದು ಸಂಜೆಯ ಕೆಲಸ.

ಗುಡ್ಡೆಯಿಂದ ತೋಡಿನವರೆಗೆ ಒಂದು ನಡಿಗೆ

ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ ಗುಡ್ಡೆಯ ನೆತ್ತಿಯಿಂದ ಇಳಿಯಲು ಶುರುಮಾಡಿ. ಕೈಯಲ್ಲಿ ಒಂದು ದೊಡ್ಡ ಕಾಗದ, ಅಳತೆ ಟೇಪು, ತುದಿಗೆ ಕಲ್ಲು ಕಟ್ಟಿದ ಹಗ್ಗ. ಜತೆಯಲ್ಲಿ ಊರಿನ ಹಳಬರೊಬ್ಬರು ಇರಲೇಬೇಕು, ಏಕೆಂದರೆ ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಕಣಿಯನ್ನು (ನೀರು ಹರಿಯುವ ಕಾಲುವೆಯನ್ನು) ಮುಚ್ಚಿ ಯಾರು ಮನೆ ಕಟ್ಟಿದರು ಎಂಬುದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಗುರುತಿಸಬೇಕಾದವು: ಬರೆಗಳು, ಮೇಲಿನಿಂದ ನೀರಿಳಿಯುವ ದಾರಿಗಳು, ಮುಚ್ಚಿಹೋದ ಕಣಿಗಳು, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿಗಳು, ಕಟ್ಟೆಯಿಲ್ಲದ ಬಾವಿಗಳು, ಮೋರಿಗಳು, ಸಂಕಗಳು (ಕಾಲುಸೇತುವೆಗಳು), ಹಲಗೆ ಇಳಿಸಿ ನೀರು ತಡೆಯುವ ಕಿಂಡಿ ಅಣೆಕಟ್ಟು, ಮನೆಗೆ ವಾಲಿದ ಮರಗಳು, ತೋಟದ ನಡುವೆ ಜೋತುಬಿದ್ದ ವಿದ್ಯುತ್ ತಂತಿ. ಹಾಳುಬಿದ್ದ ಕಲ್ಲಿನ ಕೋರೆಗಳನ್ನು ಮರೆಯಬೇಡಿ. ಮುರಕಲ್ಲು (ಜಂಬಿಟ್ಟಿಗೆ) ತೆಗೆದ ಹೊಂಡದಲ್ಲಿ ಮಳೆನೀರು ನಿಂತು ಕೆಳಗಿನ ಇಳಿಜಾರಿಗೆ ಒಸರುತ್ತದೆ, ಮಕ್ಕಳು ಬೀಳುವ ಅಪಾಯವೂ ಅಲ್ಲೇ ಹೆಚ್ಚು.

ಬರೆ

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ವಿಷಯ ಇದೇ. ನೆರೆ ನೀರು ಏರುವುದು ಕಣ್ಣಿಗೆ ಕಾಣುತ್ತದೆ. ಬರೆ ಬೀಳುವುದು ಕೆಲವೇ ಕ್ಷಣಗಳ ಮಾತು.

ಗುಡ್ಡೆಯ ಮೇಲ್ಪದರ ಗಟ್ಟಿ ಮುರಕಲ್ಲು. ಅದನ್ನು ನಂಬಿ ‘ನಮ್ಮದು ಕಲ್ಲಿನ ಬರೆ, ಏನೂ ಆಗುವುದಿಲ್ಲ’ ಎನ್ನುವವರು ಬಹಳ. ಆದರೆ ಕಲ್ಲಿನ ಅಡಿಯಲ್ಲಿ ಇರುವುದು ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಒಣಗಿದಾಗ ಅದೂ ಕಲ್ಲಿನಂತೆಯೇ ಇರುತ್ತದೆ, ನೀರು ಕುಡಿದರೆ ಬೆಣ್ಣೆಯಾಗುತ್ತದೆ. ಜಾಗ ಸಮತಟ್ಟು ಮಾಡಲು ಜೆಸಿಬಿ ಆಳಕ್ಕೆ ಇಳಿದಷ್ಟೂ ಶೇಡಿ ಹೊರಬೀಳುತ್ತದೆ. ಮಳೆಯಲ್ಲಿ ಶೇಡಿ ಕರಗಿ ಕೆಳಗಿನಿಂದ ಜಾರುತ್ತದೆ, ಆಧಾರ ತಪ್ಪಿದ ಮೇಲಿನ ಕಲ್ಲು ಇಡಿಯಾಗಿ ಉರುಳುತ್ತದೆ. ನಿಮ್ಮ ಬರೆಯ ಬುಡದಲ್ಲಿ ಶೇಡಿ ಕಾಣುತ್ತಿದೆಯೇ ಎಂಬುದೇ ಮೊದಲು ನೋಡಬೇಕಾದ ವಿಷಯ.

ಎರಡನೆಯದು ಅಳತೆ. ಮೇಲಿನಿಂದ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಬರೆಯ ಎತ್ತರ ಅಳೆಯಿರಿ. ಬರೆಯ ಬುಡದಿಂದ ಮನೆಯ ಗೋಡೆಗೆ ಇರುವ ದೂರವನ್ನೂ ಅಳೆಯಿರಿ. ಜಪಾನಿನಲ್ಲಿ 30 ಡಿಗ್ರಿಗಿಂತ ಕಡಿದಾದ, 5 ಮೀಟರಿಗಿಂತ ಎತ್ತರದ ಇಳಿಜಾರಿನ ಕೆಳಗೆ ಅದರ ಎತ್ತರದ ಎರಡರಷ್ಟು ದೂರದವರೆಗಿನ ಜಾಗವನ್ನು ಎಚ್ಚರಿಕೆಯ ವಲಯವೆಂದು ಗುರುತಿಸುತ್ತಾರೆ. ಆ ಲೆಕ್ಕವನ್ನೇ ಬೈಲಿಗೆ ಇಳಿಸಿಕೊಳ್ಳಬಹುದು. ದೂರವು ಬರೆಯ ಎತ್ತರಕ್ಕಿಂತ ಕಡಿಮೆ ಇದ್ದರೆ ಕಾಗದದಲ್ಲಿ ಆ ಮನೆಗೆ ಕೆಂಪು ಗುರುತು. ಎತ್ತರಕ್ಕೂ ಅದರ ಎರಡರಷ್ಟಕ್ಕೂ ನಡುವೆ ಇದ್ದರೆ ಹಳದಿ. ಬರೆಯ ಮೇಲಂಚಿನಿಂದ 10 ಮೀಟರಿನೊಳಗೆ ಕಟ್ಟಿದ ಮನೆಗೂ ಗುರುತು ಬೇಕು, ಕೆಳಗಿನವರು ಕಡಿದ ಬರೆಯಿಂದ ಮೇಲಿನ ಮನೆಯ ಪಂಚಾಂಗವೇ (ಅಡಿಪಾಯವೇ) ಬಾಯ್ಬಿಟ್ಟ ಉದಾಹರಣೆಗಳು ಕಡಿಮೆಯಲ್ಲ. ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದಲ್ಲಿ ಕಟ್ಟಿದ ಮನೆಗಳಲ್ಲಿ ಹಿಂಬದಿಯ ಗೋಡೆಗೂ ಬರೆಗೂ ಒಂದೂವರೆ ಮೀಟರ್ ಇದ್ದರೆ ಹೆಚ್ಚು. ಹೀಗಾಗಿ ಕೆಂಪು ಗುರುತು ಬೀಳುವ ಮನೆಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚಾಗುತ್ತವೆ. ಹೆದರಿ ಅಳತೆ ಬದಲಾಯಿಸಬೇಡಿ.

ಇನ್ನು ಸರಿಪಡಿಸುವ ಕೆಲಸ. ಹಣ ಇಲ್ಲದಿದ್ದರೂ ಮಾಡಬಹುದಾದದ್ದು ಮೇಲಿನ ಕಣಿ. ಬರೆಯ ಅಂಚಿನಿಂದ ಎರಡು-ಮೂರು ಮೀಟರ್ ಹಿಂದಕ್ಕೆ, ಒಂದು ಅಡಿ ಅಗಲ, ಒಂದು ಅಡಿ ಆಳ, ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು. ಒಳಮೈಗೆ ಕಲ್ಲು ಹಾಸಿ ಸಿಮೆಂಟು ಬಳಿಯಬೇಕು. ಅದಕ್ಕೆ ಶಕ್ತಿಯಿಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನಾದರೂ ಹಾಸಬೇಕು. ಬರೀ ಮಣ್ಣಿನ ಕಣಿ ಬಿಟ್ಟರೆ ಗುಡ್ಡೆಯ ನೀರನ್ನೆಲ್ಲ ಒಟ್ಟುಮಾಡಿ ಬರೆಯ ಬೆನ್ನಿಗೆ ಕುಡಿಸಿದ ಹಾಗೆ. ಕಣಿಯ ಕೊನೆ ಎಲ್ಲಿ ಎಂಬುದನ್ನು ಅಗೆಯುವ ಮೊದಲೇ ತೀರ್ಮಾನಿಸಿ. ಅದು ಕಲ್ಲು ಕಟ್ಟಿದ ದಾರಿಯಲ್ಲಿ ತೋಡಿಗೆ ಸೇರಬೇಕು. ಪಕ್ಕದ ಮನೆಯ ಬರೆಯ ಮೇಲೆ ಬಿಟ್ಟರೆ ಅಪಾಯವನ್ನು ದಾಟಿಸಿದ್ದಷ್ಟೇ. ನೆರೆಕರೆಯಲ್ಲಿ ವರ್ಷಗಟ್ಟಲೆ ಮಾತು ಬಿಡುವ ಜಗಳಗಳು ಹುಟ್ಟುವುದೂ ಇಲ್ಲೇ. ಕೂಟದ ಎದುರು ಎರಡೂ ಮನೆಯವರನ್ನು ಕೂರಿಸಿ ದಾರಿ ಗೊತ್ತುಮಾಡಿದ ಮೇಲೆಯೇ ಹಾರೆ ಹಿಡಿಯಿರಿ.

ಇಂಗುಗುಂಡಿಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ನೀರಿಂಗಿಸುವುದು ಒಳ್ಳೆಯದೇ, ಬೇಸಿಗೆಗೆ ಅದು ಬೇಕೇ ಬೇಕು. ಆದರೆ ಬರೆಯ ಮೇಲೆ, ಕೆಳಗೆ ಮನೆಗಳಿರುವ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ಬೇಡ. ನಿಂತ ನೀರು ಶೇಡಿಯನ್ನು ತಲುಪುತ್ತದೆ, ಕೆಲವೊಮ್ಮೆ ಒಳಗೊಳಗೇ ಮಣ್ಣನ್ನು ಕೊಳವೆಯಂತೆ ಕೊರೆದುಕೊಂಡು ಹೋಗುತ್ತದೆ. ಅಂಥ ಜಾಗದಲ್ಲಿ ನೀರನ್ನು ಬೇಗ ಇಳಿಸಿ ಸಮತಟ್ಟಿಗೆ ತಂದು ಅಲ್ಲಿ ಇಂಗಿಸಿ. ಅದಕ್ಕಿಂತ ಒಳ್ಳೆಯದು ಮಾಡಿನ (ಛಾವಣಿಯ) ನೀರನ್ನು ಜಲ್ಲಿ, ಇದ್ದಿಲು, ಮರಳಿನ ಸೋಸುಡ್ರಮ್ಮಿನ ಮೂಲಕ ಬಾವಿಗೆ ಬಿಡುವುದು. 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 3000 ಮಿ.ಮೀ. ಮಳೆ ಬಿದ್ದರೂ ಮೂರು ಲಕ್ಷ ಲೀಟರ್ ಆಯಿತು.

ತಡೆಗೋಡೆ ಕಟ್ಟುವವರು ಒಂದು ವಿಷಯ ತಿಳಿದಿರಬೇಕು: ಹೆಚ್ಚಿನ ಗೋಡೆಗಳು ಬೀಳುವುದು ಮಣ್ಣಿನ ಭಾರಕ್ಕಲ್ಲ, ಹಿಂದೆ ನಿಂತ ನೀರಿನ ಒತ್ತಡಕ್ಕೆ. ನೀರು ಹೊರಬರಲು ಮೂರು ಇಂಚಿನ ಪಿವಿಸಿ ಕೊಳವೆಗಳನ್ನು ಒಂದೂವರೆ ಮೀಟರಿಗೆ ಒಂದರಂತೆ, ಹೊರಗಡೆಗೆ ಸ್ವಲ್ಪ ವಾಲಿಸಿ ಇಡಬೇಕು. ಕೆಳಗಿನ ಸಾಲು ನೆಲದಿಂದ ಒಂದು ಗೇಣಿನ ಮೇಲೆ ಇರಲಿ. ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪಕ್ಕೆ ಜಲ್ಲಿ ತುಂಬಬೇಕು. ಕೆಲಸ ಕೆಡುವುದು ಎರಡು ಕಡೆ: ಮೇಸ್ತ್ರಿ ಸಾರಣೆ ಮಾಡುವಾಗ ಕೊಳವೆಯ ಬಾಯಿ ಮುಚ್ಚಿಬಿಡುತ್ತಾನೆ, ಅಥವಾ ಜಲ್ಲಿಯ ಖರ್ಚು ಉಳಿಸಲು ಕಡಿದ ಶೇಡಿಯನ್ನೇ ಹಿಂದೆ ತುಂಬುತ್ತಾರೆ. ಎರಡು ಮೀಟರಿಗಿಂತ ಎತ್ತರದ ಗೋಡೆಗೆ ಇಂಜಿನಿಯರರ ಲೆಕ್ಕ ಬೇಕು, ಅಂದಾಜಿನಲ್ಲಿ ಕಟ್ಟುವಂಥದ್ದಲ್ಲ.

ಲಾವಂಚದ ಬೇರು ಎರಡು-ಮೂರು ಮೀಟರ್ ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಮೊದಲ ಮಳೆ ಬಿದ್ದ ಕೂಡಲೇ ಅಡ್ಡಸಾಲಿನಲ್ಲಿ ಅರ್ಧ ಗೇಣಿಗೊಂದು ಬುಡ, ಸಾಲಿನಿಂದ ಸಾಲಿಗೆ ಒಂದು ಮೀಟರ್ ಇಳಿತ. ಆದರೆ ನೇರ ಗೋಡೆಯಂತೆ ಕಡಿದ ಬರೆಯಲ್ಲಿ ಇದು ನಿಲ್ಲುವುದಿಲ್ಲ, ಮೆಟ್ಟಿಲು ಮಾಡಿ ಇಳಿಜಾರು ಕೊಟ್ಟ ಮೇಲೆಯೇ ನೆಡಬೇಕು. ಈ ವರ್ಷ ನೆಟ್ಟದ್ದು ಕೆಲಸಕ್ಕೆ ಬರುವುದು ಮುಂದಿನ ಮಳೆಗಾಲಕ್ಕೆ. ಬರೆಯ ಅಂಚಿನಲ್ಲಿರುವ ಎತ್ತರದ ಮರಗಳನ್ನು ಕಡಿಯಿರಿ, ಬುಡ ಮತ್ತು ಬೇರು ಹಾಗೇ ಇರಲಿ. ಗಾಳಿಗೆ ಮರ ತೂಗುವಾಗ ಅಂಚನ್ನು ಹಾರೆಗೋಲಿನಂತೆ ಮೀಟುತ್ತದೆ.

ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಬರೆಯ ಮೇಲೂ ಕೆಳಗೂ ಒಂದು ಸುತ್ತು ನೋಡಿ. ಮೇಲಿನ ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಎಂದೂ ಇಲ್ಲದ ಕಡೆ ಒರತೆ, ತಿಳಿಯಾಗಿ ಬರುತ್ತಿದ್ದ ಒಸರು ಕೆಂಪಾಗುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಸಣ್ಣ ಕಲ್ಲುಗಳು ಉದುರುತ್ತಲೇ ಇರುವುದು. ಇವುಗಳಲ್ಲಿ ಯಾವುದು ಕಂಡರೂ ಮನೆ ಬಿಡಿ, ಆಮೇಲೆ ಫೋನ್ ಮಾಡಿ. ಬಿರುಕಿನ ಮೇಲೆ ಟರ್ಪಾಲು ಹೊದಿಸುವುದು ಒಳ್ಳೆಯದೇ, ಆದರೆ ಮಳೆ ಸುರಿಯುತ್ತಿರುವಾಗ ಅದಕ್ಕಾಗಿ ಬರೆ ಹತ್ತಬೇಡಿ. ಸುರಂಗವಿರುವ ಮನೆಯವರು ಅದರ ನೀರಿನ ಬಣ್ಣ ಗಮನಿಸಬೇಕು. ಧೋ ಎಂದು ಮಳೆಯಿರುವಾಗ ಸುರಂಗದ ನೀರು ನಿಂತುಹೋದರೆ ಒಳಗೆ ಮಣ್ಣು ಕುಸಿದು ನೀರು ಕಟ್ಟಿದೆ ಎಂದರ್ಥ. ಏನಾಯಿತೆಂದು ನೋಡಲು ಒಳಗೆ ಹೋಗುವುದು ಸಲ್ಲದು.

ತೋಡು, ಮೋರಿ, ಹಲಗೆ

ತೋಡು ಶುಚಿಮಾಡುವುದನ್ನು ಕೆಳಗಿನ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ಬಿಡಿಸಿದ ಕಸವೆಲ್ಲ ಕೆಳಗಿನ ಮೋರಿಗೆ ಸಿಕ್ಕಿಕೊಳ್ಳುತ್ತದೆ. ಬಿದ್ದ ಅಡಿಕೆ ಮರ, ತೆಂಗಿನ ಮಡಲು, ಎಳನೀರಿನ ಚಿಪ್ಪು, ಪ್ಲಾಸ್ಟಿಕ್ ಎಲ್ಲ ತೆಗೆಯಿರಿ. ತೆಗೆದ ಹೂಳನ್ನು ದಂಡೆಯ ಮೇಲೆ ರಾಶಿ ಹಾಕಿದರೆ ಮೊದಲ ಮಳೆಗೆ ತೋಡಿಗೇ ವಾಪಸು, ತೋಟಕ್ಕೆ ಹೊತ್ತು ಹಾಕಿ. ದಂಡೆಯ ಕೇದಗೆ ಪೊದೆಗಳನ್ನು ಮಾತ್ರ ಮುಟ್ಟಬೇಡಿ. ಅಗಲ ಮಾಡುವ ಹುಮ್ಮಸ್ಸಿನಲ್ಲಿ ಜೆಸಿಬಿಯಿಂದ ಅವನ್ನು ಕೆರೆದು ತೆಗೆದ ಕಡೆಗಳಲ್ಲಿ ದಂಡೆಯೇ ಹೋಗಿ ತೋಟದ ಸಾಲುಗಳು ತೋಡಿಗೆ ಬೀಳುತ್ತವೆ. ತೋಟದೊಳಗಿನ ಕಣಿಗಳನ್ನೂ ಇದೇ ಹೊತ್ತಿಗೆ ಬಿಡಿಸಬೇಕು. ನೀರು ನಿಂತ ತೋಟದಲ್ಲಿ ಅಡಿಕೆಯ ಬೇರು ಕೊಳೆಯುತ್ತದೆ.

ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮೇ ಮಧ್ಯದೊಳಗೆ ಪೂರ್ತಿ ತೆಗೆಯಬೇಕು. ‘ಕೆಳಗಿನ ಎರಡು ಇರಲಿ, ಸ್ವಲ್ಪ ನೀರು ನಿಲ್ಲಲಿ’ ಎಂದು ಬಿಡುವುದು ವಾಡಿಕೆ. ಅದರ ಹಿಂದೆ ಹೂಳು ತುಂಬಿ ತೋಡಿನ ತಳ ಏರುತ್ತದೆ, ಜುಲೈಯಲ್ಲಿ ನೀರು ಪಕ್ಕದ ಗದ್ದೆ ಹಿಡಿಯುತ್ತದೆ. ಪ್ರವಾಹ ಬಂದ ಮೇಲೆ ನೀರಿನ ಒತ್ತಡಕ್ಕೆ ಬಿಗಿದ ಹಲಗೆಯನ್ನು ಕೀಳಲು ಯಾರಿಂದಲೂ ಆಗುವುದಿಲ್ಲ. ಹಲಗೆಗಳಿಗೆ ಸಂಖ್ಯೆ ಬರೆದು ನೆರಳಲ್ಲಿ ಪೇರಿಸಿಡಿ.

ಸಂಕಗಳ ಎರಡೂ ಬದಿಗೆ ಹಗ್ಗ ಕಟ್ಟಿ. ಸಂಕದ ಕಂಬದಲ್ಲಿ ಹಾಸಿನಿಂದ ಒಂದು ಅಡಿ ಕೆಳಗೆ ಕೆಂಪು ಪಟ್ಟಿ ಬಳಿಯಿರಿ. ನೀರು ಪಟ್ಟಿ ಮುಟ್ಟಿತೆಂದರೆ ಶಾಲೆಯ ಮಕ್ಕಳಿರಲಿ, ಹಾಲು ಕೊಂಡುಹೋಗುವವರಿರಲಿ, ದಾಟುವಂತಿಲ್ಲ. ರಭಸದ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ತಪ್ಪಿಸುತ್ತದೆ, ಎರಡು ಅಡಿ ಇದ್ದರೆ ಜೀಪನ್ನೂ ಎಳೆದೊಯ್ಯುತ್ತದೆ.

ಮಳೆ ಅಳೆಯುವುದು, ಸುದ್ದಿ ಮುಟ್ಟಿಸುವುದು

ಹವಾಮಾನ ಇಲಾಖೆಯ ಎಚ್ಚರಿಕೆ ಇಡೀ ಜಿಲ್ಲೆಗೆ. ಕಡಲ ಬದಿಯ ಕುಂಬಳೆಯಲ್ಲಿ ತುಂತುರು ಇರುವಾಗ ಒಳನಾಡಿನ ಗುಡ್ಡೆಗಳಲ್ಲಿ ಹಂಡೆ ಹೊಯ್ದಂತೆ ಸುರಿಯುತ್ತಿರಬಹುದು. ಹಾಗಾಗಿ ಬೈಲಿಗೊಂದು ಮಳೆಮಾಪಕ ಬೇಕು. ಎರಡು ಲೀಟರಿನ ನೇರ ಮೈಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ನೇರ ಮೈ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ಪ್ರತಿ ಮಿಲಿಮೀಟರ್ ಎಂದರೆ ಒಂದು ಮಿ.ಮೀ. ಮಳೆ. ಮರ ಅಥವಾ ಮಾಡಿನ ಎತ್ತರದ ಎರಡರಷ್ಟು ದೂರದಲ್ಲಿ, ಬಯಲಿನಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಗಟ್ಟಿಯಾಗಿ ನಿಲ್ಲಿಸಿ. ಬೆಳಿಗ್ಗೆ 8.30ಕ್ಕೆ ಓದಿ ಬರೆದಿಡಿ, ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿಗೇ. ಜೋರು ಮಳೆಯ ದಿನ ಸಂಜೆಯೂ ಓದಿ ಖಾಲಿ ಮಾಡಬೇಕು, ಇಲ್ಲವಾದರೆ ಬಾಟಲಿ ಉಕ್ಕಿ ಲೆಕ್ಕ ತಪ್ಪುತ್ತದೆ. ಪ್ರತಿ ಸಲವೂ ಸೊನ್ನೆ ಗೆರೆಗೆ ನೀರು ತುಂಬಿಸಿಡಲು ಮರೆಯಬೇಡಿ.

ಇಲಾಖೆಯ ಎಚ್ಚರಿಕೆಯ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳು ಎಲ್ಲರಿಗೂ ಗೊತ್ತು, ಅವುಗಳ ಅಳತೆ ಗೊತ್ತಿರುವವರು ಕಡಿಮೆ. ಅದಕ್ಕಿಂತ ದೊಡ್ಡ ತೊಡಕು ಭಾಷೆಯದ್ದು. ಸಂದೇಶಗಳು ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಅಜ್ಜ-ಅಜ್ಜಿಯರಿಗೆ ಮೊಬೈಲಿನಲ್ಲಿ ಬಂದದ್ದು ಓದಲು ಬರುವುದಿಲ್ಲ. ಈ ಪದಗಳನ್ನು ಬರೆದು ಅಂಗನವಾಡಿ, ರೇಷನ್ ಅಂಗಡಿ, ಹಾಲಿನ ಸೊಸೈಟಿಯಲ್ಲಿ ಅಂಟಿಸಿ (ಮೊದಲ ಮೂರು ಕ್ರಮವಾಗಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಯವು):

- ಶಕ್ತಮಾಯ ಮಳ: ಭಾರಿ ಮಳೆ, 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ.
- ಅತಿಶಕ್ತಮಾಯ ಮಳ: ಅತಿ ಭಾರಿ, 115.6ರಿಂದ 204.4 ಮಿ.ಮೀ.
- ಅತಿತೀವ್ರ ಮಳ: ಅತ್ಯಂತ ಭಾರಿ, 204.4 ಮಿ.ಮೀ. ಮೀರಿದ್ದು
- ಮಣ್ಣಿಡಿಚ್ಚಿಲ್: ಬರೆ ಕುಸಿತ. ಉರುಳ್‌ಪೊಟ್ಟಲ್: ಗುಡ್ಡವೇ ಜಾರಿ ಬರುವುದು
- ವೆಳ್ಳಪ್ಪೊಕ್ಕಂ: ನೆರೆ. ಇಡಿಮಿನ್ನಲ್: ಗುಡುಗು ಸಿಡಿಲು
- ಕಳ್ಳಕ್ಕಡಲ್: ಗಾಳಿಮಳೆ ಇಲ್ಲದೆಯೂ ಕಡಲು ಉಕ್ಕಿ ಬರುವುದು
- ದುರಿತಾಶ್ವಾಸ ಕ್ಯಾಂಪ್: ಪರಿಹಾರ ಶಿಬಿರ

ಸುದ್ದಿ ಮುಟ್ಟಿಸುವ ತಂಡದಲ್ಲಿ ಮಲಯಾಳ ಚೆನ್ನಾಗಿ ಬಲ್ಲ ಒಬ್ಬರಿರಲಿ. ಎಚ್ಚರಿಕೆ ಬಂದ ಕೂಡಲೇ ಅವರು ಕನ್ನಡದಲ್ಲೂ ತುಳುವಿನಲ್ಲೂ ಒಂದು ನಿಮಿಷದ ಧ್ವನಿಸಂದೇಶ ಮಾಡಿ ಕಳಿಸಬೇಕು. ಬ್ಯಾರಿ, ಮರಾಠಿ, ಕೊಂಕಣಿ ಮನೆಮಾತಿನವರು ಬೈಲಿನಲ್ಲಿದ್ದರೆ ಅವರ ಭಾಷೆಯಲ್ಲೂ. ಫೋನು ಕೈಕೊಡುವುದು ಖಂಡಿತ, ಕರೆಂಟು ಹೋಗಿ ಕೆಲವು ಗಂಟೆಗೆ ಟವರೂ ನಿಲ್ಲುತ್ತದೆ. ಆದ್ದರಿಂದ ಪ್ರತಿ ಐದು ಮನೆಗೆ ಒಬ್ಬರು ನಡೆದು ಹೋಗಿ ಹೇಳುವವರು ಬೇಕು. ರಾತ್ರಿಗೆ ಸೀಟಿಯ ಗುರುತು ಗೊತ್ತುಮಾಡಿ: ಉದ್ದನೆಯ ಮೂರು ಸೀಟಿ ಎಂದರೆ ಮನೆ ಬಿಟ್ಟು ಹೊರಡುವುದು.

ಯಾವಾಗ ಹೊರಡಬೇಕು? 24 ಗಂಟೆಯಲ್ಲಿ ನಿಮ್ಮ ಬಾಟಲಿಯಲ್ಲಿ 115 ಮಿ.ಮೀ. ದಾಟಿದರೆ, ಅಥವಾ ಮೂರು ದಿನ ಬಿಡದೆ ದಿನಕ್ಕೆ 65 ಮಿ.ಮೀ. ಮೀರಿ ಬಂದು ನಾಲ್ಕನೆಯ ದಿನವೂ ಮೋಡ ಕವಿದಿದ್ದರೆ, ಕೆಂಪು ಗುರುತಿನ ಮನೆಯವರು ಆ ರಾತ್ರಿ ಅಲ್ಲಿ ಮಲಗಬಾರದು ಎಂಬ ಕಟ್ಟಳೆಯಿಂದ ಶುರುಮಾಡಿ. ಎರಡು ಮಳೆಗಾಲದ ದಾಖಲೆ ಕೈಗೆ ಬಂದ ಮೇಲೆ ನಿಮ್ಮ ಗುಡ್ಡೆಗೆ ತಕ್ಕಂತೆ ಅದನ್ನು ತಿದ್ದಿಕೊಳ್ಳಬಹುದು. ತೀರ್ಮಾನ ಆಗಬೇಕಾದದ್ದು ಮಧ್ಯಾಹ್ನ ಮೂರು ಗಂಟೆಯೊಳಗೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜಾರಿ ಬಂದದ್ದು ಬೆಳಗಿನ ಜಾವದ ಕತ್ತಲಿನಲ್ಲಿ, ಎರಡು ದಿನ ಬಿಡದೆ ಸುರಿದ ಮಳೆಯ ನಂತರ, ಜನ ನಿದ್ದೆಯಲ್ಲಿದ್ದಾಗ. ಕತ್ತಲಾದ ಮೇಲೆ ಮಕ್ಕಳನ್ನೂ ಮುದುಕರನ್ನೂ ಜಾರುವ ದಾರಿಯಲ್ಲಿ ಇಳಿಸುವುದೇ ಇನ್ನೊಂದು ಅಪಾಯ.

ಹೊರಡುವುದು, ಇಳಿದುಕೊಳ್ಳುವುದು

ಜನ ಮನೆ ಬಿಡಲು ಒಪ್ಪದಿರುವುದಕ್ಕೆ ಹಟವೊಂದೇ ಕಾರಣವಲ್ಲ. ಕೊಟ್ಟಿಗೆಯಲ್ಲಿ ದನ ಇದೆ. ಹಾಗಾಗಿ ದನಗಳಿಗೆ ಎತ್ತರದಲ್ಲಿ ಒಂದು ಕೊಟ್ಟಿಗೆ, ಒಂದು ದಿನದ ಹುಲ್ಲು ಮೊದಲೇ ಗೊತ್ತುಮಾಡಿದರೆ ಅರ್ಧ ವಾದ ಮುಗಿಯುತ್ತದೆ. ಅದೂ ಆಗದಿದ್ದರೆ ಹಗ್ಗ ಬಿಚ್ಚಿ ಬಿಡಿ. ಕಟ್ಟಿಹಾಕಿ ಹೋಗಬೇಡಿ. ಒಂದು ರಾತ್ರಿಯ ಮಟ್ಟಿಗಾದರೆ ಸುರಕ್ಷಿತ ಜಾಗದ ನೆಂಟರ ಮನೆಯೇ ಶಿಬಿರಕ್ಕಿಂತ ವಾಸಿ. ಯಾವ ಕೆಂಪು ಮನೆಯವರು ಯಾವ ಮನೆಗೆ ಎಂಬ ಜೋಡಿಪಟ್ಟಿಯನ್ನು ಮೇ ತಿಂಗಳಲ್ಲೇ ಮಾಡಿಡಿ.

ಶಿಬಿರ ತೆರೆಯುವುದು ಕಂದಾಯ ಇಲಾಖೆ ಮತ್ತು ಪಂಚಾಯತು. ಸಾಮಾನ್ಯವಾಗಿ ಶಾಲೆಯಲ್ಲಿ. ಬೀಗದಕೈ ಯಾರ ಹತ್ತಿರ ಎಂದು ತಿಳಿದಿರಿ. ಲೆಕ್ಕ ಸುಲಭ: ಒಬ್ಬರಿಗೆ ಮೂರೂವರೆ ಚದರ ಮೀಟರ್ ಜಾಗ, ದಿನಕ್ಕೆ 15 ಲೀಟರ್ ನೀರು, 20 ಮಂದಿಗೆ ಒಂದು ಶೌಚಾಲಯ. ಆರು ಮೀಟರ್ ಉದ್ದಗಲದ ತರಗತಿಯಲ್ಲಿ ಹತ್ತು ಮಂದಿ. ಬೈಲಿನಿಂದ 60 ಮಂದಿ ಬರುವರೆಂದರೆ ಆರು ಕೋಣೆ, ಮೂರು ಶೌಚಾಲಯ, ದಿನಕ್ಕೆ 900 ಲೀಟರ್ ನೀರು. ಕೆಡುವುದು ಯಾವಾಗಲೂ ಶೌಚಾಲಯದ ವಿಷಯದಲ್ಲಿ. ಹೆಂಗಸರಿಗೆ ಬೇರೆ, ಬೆಳಕಿರುವ, ಒಳಗಿಂದ ಚಿಲಕ ಬೀಳುವ ಶೌಚಾಲಯ ಇಲ್ಲದಿದ್ದರೆ ಅವರು ಮಾರನೆಯ ದಿನವೇ ಅಪಾಯದ ಮನೆಗೆ ಮರಳುತ್ತಾರೆ.

ಹೊರಡುವ ಚೀಲದಲ್ಲಿ: ರೇಷನ್ ಕಾರ್ಡ್, ಆಧಾರ್, ಜಾಗದ ತೆರಿಗೆ ರಸೀದಿ, ಪಾಸ್‌ಪುಸ್ತಕಗಳು ಪ್ಲಾಸ್ಟಿಕ್ ಕವರಿನೊಳಗೆ, ಒಂದು ವಾರದ ಮದ್ದು, ಕನ್ನಡಕ, ಟಾರ್ಚು, ಸೀಟಿ, ಪವರ್ ಬ್ಯಾಂಕು, ಅವಲಕ್ಕಿ-ಬೆಲ್ಲ, ನೀರು. ಬಾಗಿಲ ಹಿಂದಿನ ಗೋಡೆಯಲ್ಲಿ ನಂಬರುಗಳು: ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿ 1077, ವಿದ್ಯುತ್ 1912.

ನೆರೆ ಇಳಿದ ಮೇಲೆ ಬಾವಿ

ಕೆಸರು ನೀರು ನುಗ್ಗಿದ ಬಾವಿಯನ್ನು ಪಂಪು ಇಟ್ಟು ಒಮ್ಮೆಲೇ ಬತ್ತಿಸಬೇಡಿ. ಸುತ್ತಲ ಮಣ್ಣು ನೀರು ಕುಡಿದು ಉಬ್ಬಿರುತ್ತದೆ, ಒಳಗಿನ ನೀರಿನ ಆಸರೆ ತಪ್ಪಿದರೆ ಬಾವಿಯೇ ಕುಸಿಯುತ್ತದೆ. ಕೆಸರು ತಳ ಸೇರುವವರೆಗೆ ಕಾಯಿರಿ, ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಿ. ಎಷ್ಟು ಎಂದು ಲೆಕ್ಕ ಮಾಡಿಯೇ ಹಾಕಬೇಕು. ಬಾವಿಯ ಅಡ್ಡಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ, ಅಳತೆಗಳು ಮೀಟರಿನಲ್ಲಿರಲಿ. ಎರಡೂವರೆ ಮೀಟರ್ ಅಡ್ಡಗಲ, ನಾಲ್ಕು ಮೀಟರ್ ನೀರು ಎಂದರೆ ಸುಮಾರು 19,600 ಲೀಟರ್. ಸಾಮಾನ್ಯ ದಿನಗಳಲ್ಲಿ 1000 ಲೀಟರಿಗೆ 2.5 ಗ್ರಾಂ, ನೆರೆಯ ನಂತರ ಅದರ ಎರಡರಷ್ಟು, ಅಂದರೆ 5 ಗ್ರಾಂ. ಈ ಬಾವಿಗೆ ಸುಮಾರು 100 ಗ್ರಾಂ.

1. ಪ್ಲಾಸ್ಟಿಕ್ ಬಕೆಟಿನಲ್ಲಿ ಪುಡಿಗೆ ಸ್ವಲ್ಪ ನೀರು ಸೇರಿಸಿ ಹಿಟ್ಟಿನಂತೆ ಕಲಸಿ.
2. ಬಕೆಟಿನ ಮುಕ್ಕಾಲು ಭಾಗ ನೀರು ತುಂಬಿ, ಕಲಕಿ, ಹತ್ತು ನಿಮಿಷ ಬಿಡಿ. ಸುಣ್ಣ ತಳದಲ್ಲಿ ಕೂರುತ್ತದೆ.
3. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಯ ನೀರಿನೊಳಕ್ಕೆ ಮುಳುಗಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಿ. ಸುಣ್ಣವನ್ನು ಬಾವಿಗೆ ಹಾಕಬೇಡಿ.
4. ಕನಿಷ್ಠ ಒಂದು ಗಂಟೆ ನೀರು ಸೇದಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಉತ್ತಮ.

ಹೀಗೆ ಮಾಡಿಯೂ ಫಲ ಸಿಗದಿರುವುದಕ್ಕೆ ಕಾರಣ ಹೆಚ್ಚಾಗಿ ಹಳೆಯ ಪುಡಿ. ತೆರೆದಿಟ್ಟ ಪೊಟ್ಟಣದಲ್ಲಿ ಕ್ಲೋರಿನ್ ಉಳಿಯುವುದಿಲ್ಲ, ಘಾಟು ಬಾರದ ಪುಡಿ ಬರೀ ಸುಣ್ಣ. ಕೆಸರಿದ್ದಾಗ ಹಾಕಿದರೂ ಅದು ಕೆಸರಿಗೇ ಖರ್ಚಾಗುತ್ತದೆ. ಏನೇ ಮಾಡಿದರೂ ಕುಡಿಯುವ ನೀರನ್ನು ಕುದಿಸಿ. ನೆರೆ ನೀರಿನಲ್ಲಿ ಇಳಿದು ಕೆಲಸ ಮಾಡುವವರು ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ತೆಗೆದುಕೊಳ್ಳಬೇಕು. ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿ.ಗ್ರಾಂ., ಊಟದ ನಂತರ. ಗರ್ಭಿಣಿಯರಿಗೂ ಮಕ್ಕಳಿಗೂ ಇದು ಹೇಳಿದ್ದಲ್ಲ, ಅವರ ವಿಷಯ ವೈದ್ಯರೇ ತೀರ್ಮಾನಿಸಬೇಕು.

ಸಿಡಿಲು, ಕಡಲು

ಸಿಡಿಲಿನ ಕಾಲ ಜೂನ್-ಜುಲೈ ಅಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ. ಗುಡುಗು ಕೇಳಿದ ಕೂಡಲೇ ತೋಟದಿಂದ, ಅಂಗಳದಿಂದ ಒಳಗೆ ಬನ್ನಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯವರೆಗೆ ಹೊರಬೀಳಬೇಡಿ. ಅಂಗಳದಲ್ಲಿ ಹರವಿದ ಅಡಿಕೆ ನೆನೆದರೆ ನೆನೆಯಲಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಉಸಿರು ನಿಂತಿದ್ದರೆ ತಡಮಾಡದೆ ಎದೆ ಒತ್ತಲು ಶುರುಮಾಡಿ.

ಉಪ್ಪಳ, ಕುಂಬಳೆ ಕಡೆಯ ಕಡಲತೀರದವರಿಗೆ ಕಳ್ಳಕ್ಕಡಲಿನ ಎಚ್ಚರಿಕೆ ಬಂದಾಗ ಆಕಾಶ ನೋಡಿ ಲೆಕ್ಕ ಹಾಕಬೇಡಿ ಎಂದಷ್ಟೇ ಹೇಳಬೇಕು. ತೆಂಕಣ ಹಿಂದೂ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ತೆರೆ ಅದು, ಇಲ್ಲಿ ಬಿಸಿಲಿದ್ದರೂ ಬರುತ್ತದೆ. ದೋಣಿಗಳನ್ನು ಒಂದಕ್ಕೊಂದು ತಾಗದಂತೆ ಅಂತರ ಬಿಟ್ಟು ಮೇಲಕ್ಕೆ ಎಳೆದು ಕಟ್ಟಿ.

ನಷ್ಟದ ಅರ್ಜಿ

ಕೆಸರು ಬಳಿಯುವ ಮೊದಲು ಫೋಟೋ. ಗೋಡೆಯ ಮೇಲಿನ ನೀರಿನ ಗುರುತು, ಬಿದ್ದ ಬರೆ, ಮುರಿದ ಮರಗಳು, ಎಲ್ಲವೂ ತಾರೀಕಿನ ಸಹಿತ. ಮನೆಯ ಹಾನಿಗೆ ವಿಲೇಜ್ ಆಫೀಸು, ಬೆಳೆಗೆ ಕೃಷಿಭವನ. ಮರಗಳನ್ನು ಎಣಿಸಿ ಬರೆಯಿರಿ, ‘ತೋಟ ಪೂರ್ತಿ ಹಾಳು’ ಎಂದು ಬರೆದರೆ ಅರ್ಜಿ ಹಿಂದೆ ಬರುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ಬರೆಯಲು ಬಾರದ ಭಾಷೆಯಲ್ಲಿ ತಪ್ಪುತಪ್ಪಾಗಿ ತುಂಬಿಸಿ ಪರಿಹಾರ ಕಳೆದುಕೊಳ್ಳಬೇಡಿ. ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ.

ಡಿಸೆಂಬರಿನ ಕಟ್ಟ

ಜುಲೈಯಲ್ಲಿ ಮನೆಗೆ ನುಗ್ಗಿದ ತೋಡು ಮಾರ್ಚ್‌ಗೆ ಬತ್ತುತ್ತದೆ. ಇದಕ್ಕೆ ಹಿರಿಯರು ಕಂಡುಕೊಂಡ ದಾರಿ ಕಟ್ಟ, ಅಂದರೆ ತೋಡಿಗೆ ಅಡ್ಡಲಾಗಿ ಬೇಸಿಗೆಯ ಮಟ್ಟಿಗೆ ಹಾಕುವ ಒಡ್ಡು. ಏತಡ್ಕದಂಥ ಕಡೆಗಳಲ್ಲಿ ಇವತ್ತಿಗೂ ಒಂದರ ಮೇಲೊಂದರಂತೆ ಕಟ್ಟಗಳ ಸಾಲು ಹಾಕುತ್ತಾರೆ. ಒಂದೇ ಎತ್ತರದ ಕಟ್ಟಕ್ಕಿಂತ ಒಂದು-ಒಂದೂವರೆ ಮೀಟರಿನ ನಾಲ್ಕಾರು ಕಟ್ಟಗಳು ಮೇಲು. ಕೆಳಗಿನದರ ಹಿನ್ನೀರು ಮೇಲಿನದರ ಬುಡ ಮುಟ್ಟುವಂತಿದ್ದರೆ ಮೇಲಿನ ಕಟ್ಟದ ಮೇಲೆ ಒತ್ತಡ ಕಡಿಮೆ, ಬೈಲಿನ ಉದ್ದಕ್ಕೂ ಬಾವಿಗಳಲ್ಲಿ ನೀರು ನಿಲ್ಲುತ್ತದೆ.

ಹಿಂಗಾರು ಮಳೆ ಪೂರ್ತಿ ಕಳೆದು ಹರಿವು ಇಳಿಮುಖವಾದ ಮೇಲೆ, ಡಿಸೆಂಬರಿನಲ್ಲಿ ಹಾಕಿ. ಅವಸರಪಟ್ಟು ನವೆಂಬರಿನಲ್ಲಿ ಹಾಕಿದ್ದು ಒಂದೇ ಮಳೆಗೆ ಕೊಚ್ಚಿಹೋಗುತ್ತದೆ, ಜನವರಿ ಕಳೆದ ಮೇಲೆ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ತೋಡು ಕಿರಿದಾಗಿ ದಂಡೆ ಗಟ್ಟಿಯಿರುವ ಜಾಗ ಆರಿಸಿ. ಹಳೆಯ ಕ್ರಮದಲ್ಲಿ ಕಲ್ಲಿನ ಎರಡು ಸಾಲು ಗೋಡೆ, ನಡುವೆ ಅಂಟುಮಣ್ಣು ತುಳಿದು ತುಂಬುವುದು. ಮಣ್ಣಿಗೆ ಆಳು ಸಿಗದ ಕಡೆ ಈಗ ಕಲ್ಲಿನ ಕಟ್ಟಕ್ಕೆ ಮೇಲ್ಹರಿವಿನ ಬದಿಯಿಂದ ಸಿಲ್ಪಾಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಹಾಳೆ ಕಟ್ಟದ ಬುಡಕ್ಕೇ ನಿಂತರೆ ನೀರು ಅಡಿಯಿಂದ ನುಸುಳುತ್ತದೆ. ಎರಡು-ಮೂರು ಮೀಟರ್ ಮುಂದಕ್ಕೆ ತೋಡಿನ ತಳದಲ್ಲಿ ಹಾಸಿ, ಅದರ ತುದಿಯನ್ನು ಒಂದು ಅಡಿಯ ಕಣಿಯಲ್ಲಿ ಹೂತು ಮಣ್ಣು ಮುಚ್ಚಬೇಕು. ಎರಡೂ ದಂಡೆಗಳಲ್ಲಿ ಅರ್ಧ ಮೀಟರ್ ಒಳಕ್ಕೆ ಕಡಿದು ಕಟ್ಟವನ್ನು ಕೂರಿಸಬೇಕು. ಹೆಚ್ಚಿನ ಕಟ್ಟಗಳು ಒಡೆಯುವುದು ನಡುವಿನಲ್ಲಲ್ಲ, ಈ ಕೆನ್ನೆಗಳಲ್ಲಿ. ಏಡಿ ಕೊರೆದ ತೂತುಗಳನ್ನು ಮೊದಲೇ ಹುಡುಕಿ ಮುಚ್ಚಿ. ನಡುವೆ ಒಂದು ಗೇಣು ತಗ್ಗು ಬಿಟ್ಟರೆ ಅಕಾಲದ ಮಳೆಯ ನೀರು ಅಲ್ಲಿಂದ ಹರಿದುಹೋಗುತ್ತದೆ, ಕೆನ್ನೆ ಉಳಿಯುತ್ತದೆ.

ಮೇ ಮಧ್ಯದಲ್ಲಿ ಕಿಂಡಿಯ ಹಲಗೆಗಳ ಜತೆಗೇ ಈ ಹಾಳೆಯನ್ನೂ ತೆಗೆದು, ತೊಳೆದು, ನೆರಳಲ್ಲಿ ಒಣಗಿಸಿ, ಸುತ್ತಿ, ಇಲಿ ತಲುಪದಂತೆ ಅಟ್ಟದಲ್ಲಿಡಿ. ಮಡಿಚಿಟ್ಟರೆ ಮಡಿಕೆಯಲ್ಲೇ ಸೀಳುತ್ತದೆ.